ಸೊಳ್ಳೆ ಬತ್ತಿ ಹಚ್ಚಿ ಸೆಮಿನಾರ್ ಕೊಟ್ಟದ್ದು

ರೇಷ್ಮೆ ಹುಳು ಸಾಕಿದ್ದ ಮನೆಯ ಕಿಟಕಿಯಲ್ಲಿ ಸೊಳ್ಳೆ ಬತ್ತಿ ಹಚ್ಚಿಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಳು ಸಾಕುವ ಊರಿನವರು ಈ ಒಂದು ವಾಕ್ಯ ಓದಿಯೇ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ. ಅವರಿಗೆ ಉಳಿದದ್ದನ್ನು ನಿಧಾನವಾಗಿ ಹೇಳಬಹುದು. ಹುಳು ಸಾಕದವರಿಗೆ ಮಾತ್ರ ಒಂದು ಮಾತು ಬಿಡಿಸಿ ಹೇಳಬೇಕು. ಸೊಳ್ಳೆಯನ್ನು ಓಡಿಸುವ ಹೊಗೆ ರೇಷ್ಮೆ ಹುಳುವನ್ನು ಓಡಿಸುವುದಿಲ್ಲ. ಅದಕ್ಕೆ ಓಡಲು ಬರುವುದಿಲ್ಲ. ಅದು ಇದ್ದಲ್ಲೇ ಸಾಯುತ್ತದೆ.

ಅದು ಕೊರೋನಾದ ಎರಡನೇ ಅಲೆಯ ಕಾಲ. ನಾನು ಚಾಮರಾಜನಗರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ಹಾಸ್ಟೆಲ್ ಖಾಲಿ ಮಾಡಿ ಅಂದರು. ಟ್ರಂಕು, ಬಕೆಟ್ಟು, ಹಾಸಿಗೆ ಸುರುಳಿ ಕಟ್ಟಿಕೊಂಡು ಹರವೆ ಹತ್ತಿರದ ನಮ್ಮೂರಿಗೆ ಬಂದೆ. ಅಲ್ಲಿ ಎಲ್ಲವೂ ಇತ್ತು, ನೆಟ್‌ವರ್ಕ್ ಒಂದು ಬಿಟ್ಟು. ಊರಿನ ನೀರಿನ ಟ್ಯಾಂಕಿನ ಏಣಿಯ ಅರ್ಧಕ್ಕೆ ಹತ್ತಿ ನಿಂತರೆ ಮೊಬೈಲಿಗೆ ಎರಡು ಗೆರೆ ಬರುತ್ತಿತ್ತು. ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಫೋನು, ಬಾಯಲ್ಲಿ ಪೆನ್ನು ಹಿಡಿದು ನಾನು ಬೇಡಿಕೆ ಮತ್ತು ಪೂರೈಕೆಯ ಪಾಠ ಕೇಳತೊಡಗಿದೆ. ಊರಿನ ಹಿರಿಯರು ಕೆಳಗೆ ಸೇರಿದರು. ಇವನು ಮಾಸ್ಕ್ ಹಾಕಿಕೊಂಡು ದಿನಾ ಟ್ಯಾಂಕ್ ಹತ್ತುತ್ತಾನೆ, ನೀರಿಗೆ ಏನು ಬೆರೆಸುತ್ತಿದ್ದಾನೆ ಅನ್ನುವುದು ಅವರ ಪ್ರಶ್ನೆ. ಪಾಠ ಕೇಳುತ್ತಿದ್ದೇನೆ ಅಂದೆ. ನನ್ನನ್ನು ಹುಟ್ಟಿದಾಗಿನಿಂದ ನೋಡಿದವರಾದ್ದರಿಂದ ಯಾರೂ ನಂಬಲಿಲ್ಲ.

ಆಗ ಅಪ್ಪ ತಮ್ಮ ತಂಗಿಗೆ ಫೋನ್ ಮಾಡಿದರು. ನನ್ನ ಸೋದರತ್ತೆಯ ಊರು ಗುಂಡ್ಲುಪೇಟೆಯ ಆಚೆ. ಅಲ್ಲಿ ಟವರ್ ಇದೆ ಅನ್ನುವುದು ಅಪ್ಪನ ನೆನಪು. ಬೈಕಿನ ಹಿಂದೆ ನನ್ನನ್ನೂ, ನನ್ನ ಟ್ರಂಕನ್ನೂ, ಒಂದು ಚೀಲ ಅರಿಶಿಣವನ್ನೂ ಕಟ್ಟಿಕೊಂಡು ಅಪ್ಪ ಹೊರಟರು. ದಾರಿಯಲ್ಲಿ ತಡೆದ ಪೊಲೀಸರಿಗೆ, "ಹುಡುಗನ್ನ ಓದ್ಸಕ್ಕೆ ಕರ್ಕೊಂಡೋಯ್ತಿದ್ದೀನಿ ಸ್ವಾಮಿ" ಅಂದರು. ಇಡೀ ದೇಶದ ಶಾಲೆ ಕಾಲೇಜು ಮುಚ್ಚಿದ್ದ ಹೊತ್ತಿನಲ್ಲಿ ಈ ಮಾತು ಕೇಳಿ ಅವರು ಲಾಠಿಯಿಂದಲೇ ದಾರಿ ತೋರಿಸಿ ಬಿಟ್ಟರು.

ಅತ್ತೆ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ಅಲ್ಲೇ ನಿಂತ್ಕ ಮಗ. ಒಳಕ್ಕೆ ಕಾಲಿಡ್ಬ್ಯಾಡ. ಕೊಟ್ಟಿಗೆ ತಾವ ಬಿಸ್ನೀರ್ ಕಾಯ್ಸಿವ್ನಿ. ಮಿಂದ್ಬುಟ್ಟು ಬಟ್ಟೆ ಅಲ್ಲೇ ನೆನೆಯಾಕು. ಆಮೇಕೆ ಮಾತಾಡ್ಸನ."

"ನಾನು?" ಅಂದರು ಅಪ್ಪ.

"ನೀನು ಅಲ್ಲಿಂದ್ಲೇ ತಿರುಗ್ಸ್ಕೊಂಡು ಓಗಣ್ಣ. ಜಗಲಿ ಮ್ಯಾಲೆ ಮಜ್ಜಿಗೆ ಮಡ್ಗಿವ್ನಿ, ಕುಡ್ಕೊಂಡು ಓಗು."

ಇಷ್ಟು ಪ್ರೀತಿಯಿಂದ ಇಷ್ಟು ದೂರ ನಿಲ್ಲಿಸುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಟಿವಿಯಲ್ಲಿ ಕೈ ತೊಳೆಯಿರಿ, ಅಂತರ ಕಾಪಾಡಿ ಎಂದು ಹೇಳಿ ಹೇಳಿ ಸುಸ್ತಾಗುತ್ತಿದ್ದರು. ಅತ್ತೆಯ ಮನೆಯಲ್ಲಿ ಅದು ಹಳೆಯ ಪದ್ಧತಿ. ಅವರು ರೇಷ್ಮೆ ಹುಳು ಸಾಕುವವರು. ಹುಳುವಿಗೆ ರೋಗ ಬಹಳ ಬೇಗ ತಗಲುತ್ತದೆ, ಒಂದಕ್ಕೆ ಬಂದರೆ ಇಡೀ ಬೆಳೆಗೆ ಹರಡುತ್ತದೆ. ಹಾಗಾಗಿ ಹುಳು ಮನೆಯೊಳಗೆ ಹೋಗುವ ಮುಂಚೆ ಕೈಕಾಲು ತೊಳೆಯಬೇಕು, ಬಾಗಿಲಲ್ಲಿ ಹಾಸಿದ ಬ್ಲೀಚಿಂಗ್ ಪೌಡರ್ ನೀರಿನ ಗೋಣಿಚೀಲ ತುಳಿದು ದಾಟಬೇಕು, ಹೊರಗಿನವರು ಎಷ್ಟೇ ಹತ್ತಿರದ ನೆಂಟರಾಗಲಿ ಒಳಗೆ ಬರುವಂತಿಲ್ಲ. ಕೊರೋನಾ ಬಂದಾಗ ಅತ್ತೆ ಮಾಡಿದ್ದು ಇಷ್ಟೇ: ಹುಳು ಮನೆಯ ಕಾನೂನನ್ನು ಮನುಷ್ಯರ ಮನೆಗೂ ತಂದರು.

ಆ ಮನೆಯಲ್ಲಿ ಆಗ ಇದ್ದವರು ಅತ್ತೆ ಮತ್ತು ಅವರ ಮಗಳು. ಅವಳು ಪಿಯುಸಿ ಓದುತ್ತಿದ್ದಳು, ನನ್ನನ್ನು ಬಾವ ಎಂದು ಕರೆಯುತ್ತಿದ್ದಳು, ಕರೆದಾಗಲೆಲ್ಲ ಅದರ ಹಿಂದೆ ಒಂದು ಕುಟುಕು ಇರುತ್ತಿತ್ತು. ಮಾವ ಕೇರಳಕ್ಕೆ ತರಕಾರಿ ಗಾಡಿ ಓಡಿಸುತ್ತಿದ್ದರು. ದಿನಾ ಗಡಿ ದಾಟುವವರಾದ್ದರಿಂದ ಅತ್ತೆಯ ಕಾನೂನಿನ ಪ್ರಕಾರ ಅವರಿಗೆ ಮನೆಗೆ ಪ್ರವೇಶ ಇರಲಿಲ್ಲ. ಹೊಲದ ಆ ತುದಿಯ ಪಂಪ್‌ಸೆಟ್ ಮನೆಯೇ ಅವರ ವಾಸ. ಗಂಡ ಹೆಂಡತಿ ಬೇಲಿಯ ಈಚೆ ಒಬ್ಬರು, ಆಚೆ ಒಬ್ಬರು ನಿಂತು ಸಂಸಾರ ಮಾಡುತ್ತಿದ್ದರು.

ನನ್ನನ್ನು ಮೊದಲು ಕೊಟ್ಟಿಗೆಯ ಪಕ್ಕದ ಹುಲ್ಲಿನ ಕೋಣೆಗೆ ಹಾಕಿದರು. ಗೋಡೆಯಾಚೆ ಒಂದು ಕರು. ಅದು ಕಂಡಿಯಲ್ಲಿ ಮೂತಿ ತೂರಿಸಿ ನನ್ನ ನೋಟ್ಸಿನಲ್ಲಿ ಬಡತನದ ವಿಷವರ್ತುಲದ ಅರ್ಧ ಭಾಗ ತಿಂದಿತು. ಉಳಿದರ್ಧ ನನಗೂ ಅರ್ಥವಾಗಲಿಲ್ಲ. ಹೊತ್ತು ಹೊತ್ತಿಗೆ ಕಲ್ಲಿನ ಮೇಲೆ ತಟ್ಟೆ ಇಟ್ಟು ಅತ್ತೆ ದೂರದಿಂದ ಕೂಗುತ್ತಿದ್ದರು. ಬಿಸಿ ಮುದ್ದೆ, ಹುರುಳಿ ಸಾರು, ಮೇಲೆ ಒಂದು ಮಿಳ್ಳೆ ತುಪ್ಪ. ಸಂಜೆಗೆ ಮೆಣಸು ಶುಂಠಿಯ ಕಷಾಯ. ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಿ ಬದುಕಿದ್ದವನಿಗೆ ಇದು ಯಾವ ಸೀಮೆಯ ಕ್ವಾರಂಟೈನ್ ಅನ್ನಿಸಿತು. ಕೆಮ್ಮಿದರೆ ಇನ್ನೂ ನಾಲ್ಕು ದಿನ ಇಟ್ಟುಕೊಳ್ಳುತ್ತಾರೇನೋ ಎಂದು ಒಮ್ಮೆ ಸುಮ್ಮನೆ ಕೆಮ್ಮಿ ನೋಡಿದೆ. ತುಪ್ಪ ನಿಂತಿತು, ಕಷಾಯ ಎರಡು ಪಟ್ಟಾಯಿತು. ಆಮೇಲೆ ಕೆಮ್ಮಲಿಲ್ಲ.

ಕೋಣೆಯಿಂದ ಬಿಡುಗಡೆಯಾದ ಮೇಲೆ ಗೊತ್ತಾಯಿತು, ಟವರ್ ಇದ್ದದ್ದು ನಿಜ, ಆದರೆ ಅದರ ಕೃಪೆ ಅತ್ತೆಯ ಮನೆಯ ದಪ್ಪ ಗೋಡೆಯೊಳಗೆ ಬರುತ್ತಿರಲಿಲ್ಲ. ಹೊಲದಂಚಿನ ಹುಳು ಮನೆಯಲ್ಲಿ ಮಾತ್ರ ಬರುತ್ತಿತ್ತು. ಆ ಕಟ್ಟಡದಲ್ಲಿ ಎರಡು ಭಾಗ. ದೊಡ್ಡ ಹಾಲಿನಲ್ಲಿ ಹುಳುಗಳ ಸ್ಟ್ಯಾಂಡುಗಳು. ಮುಂದಿನ ಸಣ್ಣ ಕೋಣೆಯಲ್ಲಿ ಕುಯ್ದು ತಂದ ಹಿಪ್ಪುನೇರಳೆ ಸೊಪ್ಪು. ಆ ಸೊಪ್ಪಿನ ಕೋಣೆಯ ಕಿಟಕಿಯ ಪಕ್ಕ ಪಾಠ ಕೇಳಲು ಅತ್ತೆ ಒಪ್ಪಿದರು. ಅದು ಸಣ್ಣ ಉಪಕಾರವಲ್ಲ. ಸ್ವಂತ ಗಂಡನಿಗೆ ಸಿಗದ ಪ್ರವೇಶ ನನಗೆ ಸಿಕ್ಕಿತ್ತು.

"ವಾಸ್ನೆ ಬರದು ಒಂದೂ ತರಂಗಿಲ್ಲ ಕಣಪ್ಪ. ಸೆಂಟು, ಪೌಡ್ರು, ಊದ್ಗಡ್ಡಿ, ಬೀಡಿ, ಏನೂ."

"ಬೀಡಿ ಸೇದಕಿಲ್ಲ ಅತ್ತೆ ನಾನು."

"ಸೇದ್ತೀಯ ಅಂತ ಯಾರಂದರು. ತರ್ಬ್ಯಾಡ ಅಂದೆ."

"ಸ್ನಾನ ಮಾಡಿದ್ರೆ ಸೋಪಿನ್ ವಾಸ್ನೆ ಬರಕಿಲ್ವಾ?"

"ಬಾವ ಸ್ನಾನ ಮಾಡದು ಅಷ್ಟ್ರಲ್ಲೇ ಅದೆ, ಉಳಕ್ಕೆ ಏನೂ ಭಯ ಇಲ್ಲ ಕಣವ್ವ" ಅಂದಳು ಅತ್ತೆಯ ಮಗಳು.

ಈ ಬೆಳೆಯ ಮೇಲೆ ಅತ್ತೆಗೆ ಎಷ್ಟು ಜೀವವಿತ್ತು ಎನ್ನುವುದನ್ನು ಇಲ್ಲೇ ಹೇಳಬೇಕು. ಹಿಂದಿನ ವರ್ಷ ಲಾಕ್‌ಡೌನ್‌ನಲ್ಲಿ ಗೂಡಿನ ಮಾರ್ಕೆಟ್ಟಿಗೆ ಹೋಗಲಾಗದೆ, ಮನೆಯಲ್ಲೇ ಗೂಡು ಒಡೆದು ಚಿಟ್ಟೆ ಹಾರಿದ್ದವು. ಚಿಟ್ಟೆ ಹೊರಬಂದ ಗೂಡಿಗೆ ಬೆಲೆಯಿಲ್ಲ. ಅದರ ಮುಂದಿನ ಬೆಳೆ ರೋಗ ಬಂದು ಹೋಯಿತು. ಹಿಪ್ಪುನೇರಳೆ ತೋಟ ಅತ್ತೆಯೇ ಮುಂದೆ ನಿಂತು ನೆಟ್ಟು ಬೆಳೆಸಿದ್ದು, ಹುಳುವಿನ ಕೆಲಸವೆಲ್ಲ ಅವರದೇ. ಮಾವನಿಗೆ ಬೇಸರ ಬಂದಿತ್ತು. ಬೇಲಿಯ ಆಚೆಯಿಂದ ಅವರು ಹೇಳಿದ್ದನ್ನು ನಾನೇ ಕೇಳಿದ್ದೆ:

"ಈ ಸಲಾನೂ ಕೈ ಕೊಟ್ರೆ ಸಾಕು ಬುಡು ಇನ್ನ. ಇಪ್ನೇರ್ಳೆ ಕಡ್ಡಿ ಎಲ್ಲಾ ಕಿತ್ತಾಕ್ಬುಟ್ಟು ಸಣ್ಣೀರುಳ್ಳಿ ಆಕ್ಬುಡನ."

ಅತ್ತೆ ಸೆರಗು ಸಿಕ್ಕಿಸಿಕೊಂಡರು. ಹೋಗಿ ಹುಳುವಿಗೆ ಸೊಪ್ಪು ಹಾಕಿದರು. ಅವರು ಸೋಲುವುದಾದರೆ ಈ ಒಂದು ಬೆಳೆಯಲ್ಲಿ ಸೋಲಬೇಕು, ಗೆಲ್ಲುವುದಾದರೂ ಇದರಲ್ಲೇ. ಅಂಥ ಬೆಳೆಯ ಬಾಗಿಲಲ್ಲಿ ನನ್ನನ್ನು ತಂದು ಕೂರಿಸಿದ್ದರು.

ಸೊಪ್ಪಿನ ಕೋಣೆಯಲ್ಲಿ ಎಲ್ಲ ಚೆನ್ನಾಗಿತ್ತು, ಸೊಳ್ಳೆ ಒಂದು ಬಿಟ್ಟು. ಸುತ್ತ ನೀರು ಕಟ್ಟಿದ ತೋಟ. ಹುಳುಗಳ ಹಾಲಿಗೆ ಸೊಳ್ಳೆ ಪರದೆ ಇತ್ತು, ನನಗಿರಲಿಲ್ಲ. ಮೇಡಂ ಪಾಠ ಮಾಡುವಾಗ ನಾನು ಕೆನ್ನೆಗೆ, ಕುತ್ತಿಗೆಗೆ, ತೊಡೆಗೆ ಫಟಫಟ ಹೊಡೆದುಕೊಳ್ಳುತ್ತಿದ್ದೆ. ಮೈಕ್ ಮುಚ್ಚುವುದನ್ನು ಮರೆಯುವುದು ನನ್ನ ಸ್ವಭಾವ.

"ಯಾರದು ಚಪ್ಪಾಳೆ ತಟ್ಟುತ್ತಿರುವುದು?" ಅಂದರು ಮೇಡಂ ಒಂದು ದಿನ. "ನಾನಿನ್ನೂ ಪೀಠಿಕೆಯಲ್ಲೇ ಇದ್ದೇನಪ್ಪ."

ಕ್ಲಾಸೆಲ್ಲ ನಕ್ಕಿತು. ನಾನು ಸೊಳ್ಳೆ ಅಂದೆ. ಅವರು, "ಪಾಠ ಕೇಳುವುದಕ್ಕೆ ಅವಾದರೂ ಬಂದಿವೆಯಲ್ಲ, ಇರಲಿ" ಅಂದರು. ಆ ಮೇಡಂ ನಿಜಕ್ಕೂ ಒಳ್ಳೆಯವರು. ನೆಟ್‌ವರ್ಕ್ ಹೋದವರ ಹಾಜರಿ ಕಳೆಯುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಪ್ರತಿಯೊಬ್ಬರ ಮನೆಯಲ್ಲಿ ಎಲ್ಲರೂ ಹುಷಾರಾ ಎಂದು ಕೇಳಿಯೇ ಫೋನ್ ಇಡುತ್ತಿದ್ದರು. ಒಂದು ದಿನ ನನ್ನನ್ನು ಕೇಳಿದಾಗ ನನ್ನ ಹಿಂದೆ ಅತ್ತೆ ಯಾರೊಂದಿಗೋ, "ನಮ್ಮವು ಎಲ್ಲಾ ನಾಕ್ನೇ ಜ್ವರಕ್ಕೆ ಕುಂತವೆ" ಎಂದು ಹೇಳುತ್ತಿದ್ದರು. ಹುಳು ಪೊರೆ ಬಿಡುವುದಕ್ಕೆ ಅವರು ಜ್ವರ ಅನ್ನುತ್ತಾರೆ. ಮೇಡಂ ಗಾಬರಿಯಾಗಿ ಆಂಬುಲೆನ್ಸ್ ವಿಚಾರ ಎತ್ತಿದರು. ವಿವರಿಸಿ ಸಮಾಧಾನ ಮಾಡುವಷ್ಟರಲ್ಲಿ ನನಗೇ ಜ್ವರ ಬಂದಂತಾಯಿತು.

ನಾಲ್ಕನೇ ಜ್ವರ ಕಳೆದ ಮೇಲೆ ಹುಳುಗಳು ಬೆರಳಿನಷ್ಟು ದಪ್ಪವಾಗುತ್ತವೆ. ಇನ್ನು ಒಂದು ವಾರ ಹೊಟ್ಟೆ ತುಂಬ ತಿಂದರೆ ಗೂಡು ಕಟ್ಟುತ್ತವೆ. ಆ ಹೊತ್ತಿಗೇ ನನ್ನ ಸೆಮಿನಾರ್ ಬಂತು. ಇಂಟರ್ನಲ್ ಅಂಕ ಬರುವುದು ಅದಕ್ಕೆ. ವಿಷಯ ನಾನೇ ಆರಿಸಿಕೊಂಡದ್ದು: ಗ್ರಾಮೀಣ ಆರ್ಥಿಕತೆಯಲ್ಲಿ ಅಪಾಯ ನಿರ್ವಹಣೆ. ಮುಖಕ್ಕೆ ಹೊಡೆದುಕೊಳ್ಳುತ್ತ ಸೆಮಿನಾರ್ ಕೊಟ್ಟರೆ ಚೆನ್ನಾಗಿರುವುದಿಲ್ಲ ಅನ್ನಿಸಿತು. ಹಾಸ್ಟೆಲಿನಿಂದ ತಂದ ಟ್ರಂಕಿನ ತಳದಲ್ಲಿ ಸೊಳ್ಳೆ ಬತ್ತಿಯ ಪೊಟ್ಟಣವಿತ್ತು.

ಅತ್ತೆಯ ಮಾತು ನನಗೆ ಮರೆತಿರಲಿಲ್ಲ. ವಾಸನೆಯದ್ದು ಒಳಗೆ ತರಬಾರದು. ಹಾಗಾಗಿ ಬತ್ತಿಯನ್ನು ಕಿಟಕಿಯ ಹೊರಗಿನ ಅಂಚಿನಲ್ಲಿ ಇಟ್ಟೆ. ಒಳಗೆ ತಂದಂತಾಗಲಿಲ್ಲ, ಸೊಳ್ಳೆಯೂ ಬರುವುದಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಅರ್ಥಶಾಸ್ತ್ರದಲ್ಲಿ ಒಂದು ಪಾಠವಿದೆ: ಒಬ್ಬ ತನ್ನ ಅನುಕೂಲಕ್ಕೆ ಮಾಡಿದ್ದರ ಹೊಗೆಯನ್ನು ಪಕ್ಕದವನು ಕುಡಿಯಬೇಕಾಗುವುದು. ಆ ಪಾಠದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಗಾಳಿ ಎನ್ನುವುದು ಹೊರಗಿನಿಂದ ಒಳಗೆ ಬೀಸುತ್ತದೆ, ಕಿಟಕಿಯನ್ನು ಇಡುವುದೇ ಅದಕ್ಕಾಗಿ ಎನ್ನುವ ಸಂಗತಿ ಮಾತ್ರ ನಮ್ಮ ಸಿಲಬಸ್ಸಿನಲ್ಲಿರಲಿಲ್ಲ. ನಮ್ಮೂರಿನವರು ಅರಿಶಿಣದವರು. ಎಷ್ಟು ಹೊಗೆ ಹಾಕಿದರೂ ಅರಿಶಿಣ ಸಾಯುವುದಿಲ್ಲ.

ಸೆಮಿನಾರ್ ಚೆನ್ನಾಗಿಯೇ ನಡೆದಿತ್ತು. ಒಂದೂ ಸೊಳ್ಳೆಯಿಲ್ಲ. "ಅಪಾಯವನ್ನು ಮುಂಚಿತವಾಗಿ ಗುರುತಿಸುವುದೇ ನಿರ್ವಹಣೆಯ ಮೊದಲ ಹೆಜ್ಜೆ" ಎಂದು ನಾನು ಕೈಯೆತ್ತಿ ಹೇಳುತ್ತಿದ್ದೆ. ಸೊಪ್ಪಿನ ಹೊರೆ ಹೊತ್ತುಕೊಂಡು ಅತ್ತೆಯ ಮಗಳು ಒಳಗೆ ಬಂದಳು. ಮೂಗು ಎಳೆದಳು. ಹೊರೆಯನ್ನು ಧೊಪ್ಪನೆ ಬಿಟ್ಟಳು.

"ಏನ್ ವಾಸ್ನೆ ಬಾವ ಇದು?"

ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವಳು ಕಿಟಕಿ ನೋಡಿದಳು, ಕೈ ಹಾಕಿ ಬತ್ತಿಯನ್ನು ತೋಟದ ನೀರಿಗೆ ಎಸೆದಳು, ಹಾಲಿನ ಬಾಗಿಲು ತೆಗೆದು ಒಳಗೆ ಇಣುಕಿದಳು. ಆಮೇಲೆ ಅವಳು ಕೂಗಿದ ಕೂಗು ನನ್ನ ಇಡೀ ತರಗತಿಗೆ, ವಿಭಾಗದ ಮುಖ್ಯಸ್ಥರ ಸಮೇತ ಕೇಳಿಸಿತು.

"ಅವ್ವೋ, ಬಾವ ಸೊಳ್ಳೆ ಬತ್ತಿ ಅಚ್ಬುಟ್ಟವ್ನೆ. ಉಳ ಎಲ್ಲಾ ಕಕ್ತಾವೆ ಬಾರವ್ವೋ."

ಫೋನಿನಲ್ಲಿ ಮೇಡಂ, "ಏನಾಯಿತು? ಅಲ್ಲೇನಾಯಿತು?" ಅಂದರು. "ಅಪಾಯ ಮೇಡಂ" ಅಂದೆ. "ಹಾಗಾದರೆ ಹೋಗಪ್ಪ, ಮೊದಲು ಅದನ್ನು ನೋಡು. ಸೆಮಿನಾರ್ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಅವರೇ ಫೋನ್ ಇಟ್ಟರು.

ಹಾಲಿನೊಳಗೆ ಹೋಗಿ ನೋಡಿದೆ. ಕೋಣೆಯ ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಹುಳುಗಳು ತಲೆ ಎತ್ತಿ ಆಡಿಸುತ್ತಿದ್ದವು, ಕೆಲವು ಮೈ ಸುರುಟಿ ಹಸಿರು ನೀರು ಕಕ್ಕುತ್ತಿದ್ದವು. ಅದರಾಚೆಯವು ಸೊಪ್ಪು ಬಿಟ್ಟು ಸುಮ್ಮನೆ ಬಿದ್ದಿದ್ದವು. ಬೆಳಿಗ್ಗೆ ಆ ಹಾಲಿನಲ್ಲಿ ತಿನ್ನುವ ಸದ್ದು ತುಂಬಿತ್ತು. ಈಗ ಅದು ನಿಂತಿತ್ತು.

ತೋಟದಿಂದ ಅತ್ತೆ ಓಡಿ ಬಂದರು. ಆ ಆತುರದಲ್ಲೂ ಬಾಗಿಲ ಗೋಣಿಚೀಲ ತುಳಿದೇ ಒಳಗೆ ಬಂದರು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅತ್ತೆಯ ಬೈಗುಳ ನಮ್ಮ ನೆಂಟರಿಷ್ಟರಲ್ಲಿ ಹೆಸರುವಾಸಿ. ಅದು ಬರಲಿಲ್ಲ. ಅವರು ಸ್ಟ್ಯಾಂಡುಗಳನ್ನು ಒಂದೊಂದಾಗಿ ನೋಡಿದರು.

"ಕಿಟಕಿ ಎಲ್ಲಾ ತಗಿ. ಈ ಕಡೇವು ಬುಟ್ಟಿಗೆ ತುಂಬ್ಕೊಂಡು ಮನೆಗೆ ಒಯ್ಯನ, ನಡೀರಿ."

ಆ ಮಧ್ಯಾಹ್ನ ಅತ್ತೆಯ ನಡುಮನೆ ಹುಳು ಮನೆಯಾಯಿತು. ಮಂಚ ಹೊರಗೆ ಬಂತು, ಟಿವಿ ಸ್ಟ್ಯಾಂಡ್ ಹೊರಗೆ ಬಂತು, ನೆಲಕ್ಕೆ ಪೇಪರ್ ಹಾಸಿದ್ದಾಯಿತು. ಹುಳುವನ್ನು ನಾನು ಅಲ್ಲಿಯವರೆಗೆ ಕೈಯಲ್ಲಿ ಮುಟ್ಟಿರಲಿಲ್ಲ. ತಣ್ಣಗೆ, ಮೆತ್ತಗೆ, ಕೂಸಿನ ಕಿವಿಯ ಹಾಲೆ ಹಿಡಿದಂತೆ. ಎತ್ತಿಕೊಂಡ ಮೊದಲನೆಯದನ್ನು ಮತ್ತೆ ಅಲ್ಲೇ ಬಿಟ್ಟೆ.

"ಇಡ್ಕ ಬಾವ, ಕಚ್ಚಕಿಲ್ಲ" ಅಂದಳು ಅತ್ತೆಯ ಮಗಳು. "ಅವು ಯಾರ್ಗೂ ಏನೂ ಮಾಡಕಿಲ್ಲ. ನಿನ್ ತರ ಅಲ್ಲ."

ತುಂಬಿದೆ, ಹೊತ್ತೆ, ಸುರಿದೆ, ಮತ್ತೆ ಓಡಿದೆ. ಸತ್ತವನ್ನು ಆಯ್ದು ಸುಣ್ಣ ಹಾಕಿ ಹೂಳಿದೆವು. ಬಾಗಿಲ ಪಕ್ಕದ ಸ್ಟ್ಯಾಂಡಿನದು ಬಹುಪಾಲು ಹೋಯಿತು. ಉಳಿದವು ಬದುಕಿವೆಯೋ ಇಲ್ಲವೋ ಎನ್ನುವುದು ಅವು ಸೊಪ್ಪು ಮುಟ್ಟಿದರೆ ಮಾತ್ರ ಗೊತ್ತಾಗುತ್ತದೆ ಅಂದರು ಅತ್ತೆ. ಮುಟ್ಟಲಿಲ್ಲ. ಅತ್ತೆ ತೋಟದ ಕಡೆ ಒಮ್ಮೆ ನೋಡಿದರು. ಅವರು ನೋಡಿದ್ದು ಹಿಪ್ಪುನೇರಳೆಯನ್ನು, ನನಗೆ ಕಂಡದ್ದು ಅಲ್ಲಿ ಬೆಳೆದು ನಿಂತ ಸಣ್ಣ ಈರುಳ್ಳಿ.

ಸಂಜೆ ಟ್ರಂಕು ಕಟ್ಟಿ ಜಗಲಿಗೆ ತಂದಿಟ್ಟೆ.

"ಎಲ್ಲಿಗ್ಲಾ?" ಅಂದರು ಅತ್ತೆ.

"ಊರ್ಗೆ ಓಯ್ತೀನಿ ಅತ್ತೆ. ನಾನಿದ್ರೆ ಇನ್ನೇನ್ ಮಾಡ್ತೀನೋ."

"ಎಂಗೋದೀಯೆ? ಬಸ್ಸಿಲ್ಲ, ಗಾಡಿಲ್ಲ. ಈ ಟ್ರಂಕ್ ಒತ್ಕೊಂಡು ನಡ್ಕೊಂಡೋಗಿ ದಾರೀಲಿ ಬಿದ್ರೆ ಅದ್ನೂ ನಾನೇ ನೋಡ್ಬೇಕು. ಆಳ್ಗಳು ಯಾರೂ ಬತ್ತಿಲ್ಲ ಕೊರೋನಾ ಅಂತವ. ಬೆಳಿಗ್ಗೆ ಎದ್ದು ಸೊಪ್ಪು ಕುಯ್ಯಿ."

"ಬತ್ತಿ ಬಾವನ ಕೈಗೆ ಕುಡ್ಲು ಬ್ಯಾರೆ ಕೊಡ್ತಿಯಾ? ಒಸಿ ಯೋಚ್ನೆ ಮಾಡವ್ವ" ಅಂದಳು ಮಗಳು. ಬತ್ತಿ ಬಾವ ಎನ್ನುವ ಹೆಸರು ಅವತ್ತಿನಿಂದ ಶುರುವಾದದ್ದು. ಈಗಲೂ ಆ ಊರಿನಲ್ಲಿ ನನಗೆ ಬೇರೆ ಹೆಸರಿಲ್ಲ.

ಬೆಳಿಗ್ಗೆ ನಡುಮನೆಯ ಬಾಗಿಲಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. ನಾನು ಉಸಿರು ಹಿಡಿದು ಹತ್ತಿರ ಹೋದೆ. ಹೊಸ ಸೊಪ್ಪಿನ ಮೇಲೆ ಅಲ್ಲೊಂದು ಇಲ್ಲೊಂದು ಹುಳು ಅಂಚು ಕಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನಷ್ಟು. ನಾನು ನನ್ನ ಪರೀಕ್ಷೆಯ ಫಲಿತಾಂಶಕ್ಕೂ ಹಾಗೆ ಕಾದು ಕೂತವನಲ್ಲ. ಒಂದು ಸೋಮಾರಿ ಹುಳು ಸೊಪ್ಪಿನ ಪಕ್ಕ ಸುಮ್ಮನೆ ಮಲಗಿತ್ತು. ಅದರ ಮುಂದೆ ಕೂತು, ತಿನ್ನಪ್ಪ, ನಿನ್ನ ದಮ್ಮಯ್ಯ ಎಂದು ಗೋಗರೆದೆ. ಕೊನೆಗೂ ಅದು ತಲೆ ಎತ್ತಿ ಒಂದು ತುಣುಕು ಕಡಿಯಿತು. ಆ ಹುಳುವಿಗೆ ನಾನು ಇವತ್ತಿಗೂ ಋಣಿ.

ಅಲ್ಲಿಂದ ಮುಂದೆ ನನ್ನ ಉನ್ನತ ಶಿಕ್ಷಣ ಹಿಪ್ಪುನೇರಳೆ ಸಾಲಿನಲ್ಲಿ ನಡೆಯಿತು. ತೋಟದಲ್ಲೂ ಸಿಗ್ನಲ್ ಬರುತ್ತಿತ್ತು. ಸೊಪ್ಪಿನ ಕೋಣೆಯೇ ಬೇಕಿರಲಿಲ್ಲ ಎನ್ನುವುದು ನನಗೆ ತಿಳಿದದ್ದು ಆಗ. ಅಂಗಿಯ ಜೇಬಿನಲ್ಲಿ ಫೋನು, ಒಂದು ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಕುಡುಗೋಲು. ಇನ್ನೊಂದು ಕಿವಿ ಅತ್ತೆಗೆ ಮೀಸಲು. ಒಂದು ಸಲ ಹಣದುಬ್ಬರಕ್ಕೆ ಕಾರಣವೇನು ಎಂದು ಮೇಡಂ ಕೇಳಿದಾಗ ನಾನು ಏದುಸಿರು ಬಿಡುತ್ತ ಉತ್ತರ ಹೇಳಿದೆ.

"ಓಡುತ್ತಿದ್ದೀಯೇನಪ್ಪ?"

"ಇಲ್ಲ ಮೇಡಂ, ಸೊಪ್ಪು ಕುಯ್ಯುತ್ತಿದ್ದೇನೆ."

"ಹುಳುಗಳು ಹೇಗಿವೆ?"

"ತಿನ್ನುತ್ತಿವೆ ಮೇಡಂ."

ಆಮೇಲೆ ಅದು ತರಗತಿಯ ವಾಡಿಕೆಯಾಯಿತು. ಹಾಜರಿ ಹಾಕುವ ಮುಂಚೆ ಯಾರಾದರೂ ಹುಳು ಹೇಗಿವೆ ಎಂದು ಕೇಳುತ್ತಿದ್ದರು. ಆ ದಿನಗಳಲ್ಲಿ ಫೋನಿನಲ್ಲಿ ಬರುತ್ತಿದ್ದ ಸುದ್ದಿಗಳಲ್ಲಿ ಒಳ್ಳೆಯವು ಕಡಿಮೆ. ನಮ್ಮ ತರಗತಿಯ ಒಬ್ಬ ಗೆಳೆಯನ ತಂದೆ ಆಸ್ಪತ್ರೆಯಲ್ಲಿದ್ದರು. ಅವನೇ ಒಮ್ಮೆ, "ನಮ್ಮಪ್ಪ ಇವತ್ತು ಎರಡು ಇಡ್ಲಿ ತಿಂದ್ರು. ನಿನ್ ಹುಳ ಏನ್ ತಿಂದ್ವು?" ಎಂದು ಕೇಳಿದ. ಇಬ್ಬರೂ ನಕ್ಕೆವು. ಅವನ ತಂದೆ ಗುಣವಾಗಿ ಮನೆಗೆ ಬಂದ ದಿನ ನಾನು ಅತ್ತೆಗೆ ಹೇಳಿದೆ. ಕಂಡಿಲ್ಲದ, ಕೇಳಿಲ್ಲದ ಆ ಮನುಷ್ಯನ ಹೆಸರಿನಲ್ಲಿ ಅತ್ತೆ ದೇವರ ಮನೆಯಲ್ಲಿ ಒಂದು ಬತ್ತಿ ಹೆಚ್ಚು ಹಚ್ಚಿದರು.

ಸೆಮಿನಾರನ್ನೂ ಕೊಟ್ಟೆ, ತೋಟದ ಬದುವಿನ ಮೇಲೆ ಕೂತು. ಬರೆದುಕೊಂಡಿದ್ದನ್ನೆಲ್ಲ ಬಿಟ್ಟು, ಅಪಾಯ ಎನ್ನುವುದು ಸಾಮಾನ್ಯವಾಗಿ ನೆಂಟರ ರೂಪದಲ್ಲಿ ಬರುತ್ತದೆ ಎಂದು ಶುರು ಮಾಡಿ ನಡೆದದ್ದನ್ನು ನಡೆದಂತೆ ಹೇಳಿದೆ. ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಅಂಕ ಎಷ್ಟು ಬಂತು ಎಂದು ಹೇಳುವುದಿಲ್ಲ. ನನ್ನ ಯೋಗ್ಯತೆಗಿಂತ ಹೆಚ್ಚೇ ಬಂತು.

ಹುಳುಗಳು ಹಣ್ಣಾದವು. ಹಣ್ಣಾಗುವುದೆಂದರೆ ಮೈ ಬಣ್ಣ ತಿಳಿಯಾಗಿ, ತಿನ್ನುವುದು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕುವುದು. ಅವನ್ನು ಆಯ್ದು, ಗೂಡು ಕಟ್ಟಿಸುವ ಬಿದಿರಿನ ತಟ್ಟಿಗಳಾದ ಚಂದ್ರಿಕೆಗಳ ಮೇಲೆ ಬಿಟ್ಟೆವು. ಕೆಲವು ನಡುಮನೆಯಿಂದಲೇ ತಪ್ಪಿಸಿಕೊಂಡು ಟಿವಿಯ ಹಿಂದೆ, ಕ್ಯಾಲೆಂಡರಿನ ಹಿಂದೆ, ಒಂದು ನನ್ನ ಮಾಸ್ಕಿನೊಳಗೆ ಗೂಡು ಕಟ್ಟಿತು. ಬತ್ತಿ ಬಾವನ ಬಾಯಿ ಮುಚ್ಚಿಸಲು ಹುಳುವೇ ಬರಬೇಕಾಯಿತು ಎಂದಳು ಅತ್ತೆಯ ಮಗಳು. ಬೀದಿಯ ಕೆಲವು ಮನೆಗಳಲ್ಲಿ ಆಗ ಜನ ಮಲಗಿದ್ದರು. ಆಶಾ ಕಾರ್ಯಕರ್ತೆ ಬಂದು ಕೇಳಿದಾಗಲೆಲ್ಲ ನಮ್ಮ ಮನೆಯಲ್ಲಿ ಹುಷಾರಿಲ್ಲದವರು ಯಾರೂ ಇರಲಿಲ್ಲ.

ಗೂಡು ಬಿಡಿಸಿದ ದಿನ ಮಾವ ಬೇಲಿಯ ಆಚೆ ಬಂದು ನಿಂತರು. ಅತ್ತೆ ಒಂದು ಮೊರದ ತುಂಬ ಬಿಳಿ ಗೂಡು ತಂದು ಬೇಲಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದರು. ಮಾವ ಒಂದನ್ನು ಬೆರಳಲ್ಲಿ ಒತ್ತಿ ನೋಡಿದರು. ಇನ್ನೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಬತ್ತಿಯ ವಿಷಯ ಅತ್ತೆ ಅವರಿಗೆ ಹೇಳಿಯೇ ಇರಲಿಲ್ಲ.

"ಗಟ್ಟಿ ಅವೆ" ಅಂದರು ಮಾವ. ಮತ್ತೆ ನನ್ನ ಕಡೆ ನೋಡಿ, "ನೀನಿದ್ದೆ ಅಂತ ಆಯ್ತು ಕನ್ಲಾ ಮಗ. ಆಳಿಲ್ದಿದ್ ಟೈಮ್ನಲ್ಲಿ ಒಳ್ಳೆ ಕೆಲ್ಸ ಮಾಡ್ದೆ."

ಅತ್ತೆಯ ಮಗಳಿಗೆ ಕೆಮ್ಮು ಬಂತು. ಅತ್ತೆ ನನ್ನತ್ತ ನೋಡಿ ಸುಮ್ಮನಿರು ಎಂಬಂತೆ ಕಣ್ಣು ಮಾಡಿದರು. ಆದರೆ ಮೈಕ್ ಮುಚ್ಚುವುದು ನನಗೆ ಬರುವುದಿಲ್ಲವಲ್ಲ.

"ಮಾವ, ನಾನು ಉಳದ ಮನೆ ಕಿಟಕೀಲಿ ಸೊಳ್ಳೆ ಬತ್ತಿ ಅಚ್ಬುಟ್ಟಿದ್ದೆ. ಒಂದ್ ಸ್ಟ್ಯಾಂಡ್ ಓಯ್ತು. ಮಿಕ್ಕಿದ್ದೆಲ್ಲ ಅತ್ತೆ ಉಳಿಸ್ಕೊಂಡದ್ದು."

ಮಾವ ಕೈಯಲ್ಲಿದ್ದ ಗೂಡನ್ನು ಮೊರಕ್ಕೆ ಹಾಕಿದರು. ಅತ್ತೆಯನ್ನು ನೋಡಿದರು, ತೋಟವನ್ನು ನೋಡಿದರು, ನನ್ನನ್ನು ನೋಡಿದರು.

"ಯಾವ್ ಬತ್ತಿ?" ಅಂದರು.

ಹೇಳಿದೆ.

"ಮಿಕ್ಕಿದ್ರೆ ಇತ್ತಾಗ್ ಕೊಡು. ಪಂಪ್‌ಸೆಟ್ ಮನೇಲಿ ನನ್ ತಿಂದಾಕ್ತಾವೆ ಕನ್ಲಾ." ತಿರುಗಿ ನಾಲ್ಕು ಹೆಜ್ಜೆ ಹೋದವರು ನಿಂತು ಅತ್ತೆಗೆ ಹೇಳಿದರು, "ಈರುಳ್ಳಿ ಆ ಮ್ಯಾಗಳ ಒಲಕ್ಕೆ ಆಕ್ಕೊತೀನಿ ಬುಡು. ಕಡ್ಡಿ ತಂಟೆಗೆ ಬರಕಿಲ್ಲ."

ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಆ ದಿನದ ಸಾರಿಗೆ ಉಪ್ಪು ಹಾಕುವುದನ್ನು ಮರೆತರು. ಅತ್ತೆಯ ಕೈಯಲ್ಲಿ ಹಾಗಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾವು ಮೂವರೂ ಉಪ್ಪು ಕೇಳದೆ ಉಂಡೆವು.

ಬಸ್ಸುಗಳು ಶುರುವಾದ ಮೇಲೆ ನಾನು ಚಾಮರಾಜನಗರಕ್ಕೆ ಹೊರಟೆ. ಗುಂಡ್ಲುಪೇಟೆ ಸ್ಟ್ಯಾಂಡಿನವರೆಗೆ ಅತ್ತೆ ಬಂದರು, ಒಂದು ಚೀಲದಲ್ಲಿ ರಾಗಿ ಹಿಟ್ಟು, ಹುರುಳಿ, ಕಷಾಯದ ಪುಡಿ ಹಿಡಿದುಕೊಂಡು. ಬಸ್ಸಿನಲ್ಲಿ ಕೂತ ಮೇಲೆ, ಇಷ್ಟು ದಿನ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ಅತ್ತೆ, ಅವತ್ತು ಯಾಕ ನೀನು ನನ್ನ ಒಂದು ಮಾತೂ ಬಯ್ನಿಲ್ಲ?"

ಅತ್ತೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಮಾಸ್ಕ್ ಸ್ವಲ್ಪ ಕೆಳಗೆ ಎಳೆದುಕೊಂಡರು.

"ಬಯ್ಯಕೆ ಟೈಮ್ ಎಲ್ಲಿತ್ಲಾ? ಉಳ ಎತ್ತದಾ, ನಿನ್ ಬಯ್ಯದಾ? ಅಲ್ದೆ ನಿನ್ ಮೊಕ ನೋಡುದ್ರೆ, ಅವ್ಕಿಂತ ಮೊದ್ಲು ನೀನೇ ಕಕ್ಕಂಗಿದ್ದೆ. ನಿನ್ನ ಯಾವ್ ಬುಟ್ಟೀಲಿ ಒತ್ಕೊಂಡೋಗನ ನಾನು? ಬಯ್ಯದು ಎಲ್ಲೂ ಓಗ್ನಿಲ್ಲ, ಅಂಗೇ ಅದೆ. ಮುಂದಿನ್ ಬೆಳೆಗೆ ಬಾ, ಉಂಡ್ಬುಟ್ಟು ಕುಂತ್ಕೊಂಡು ನಿಧಾನ್ವಾಗಿ ಬಯ್ತೀನಿ."